ನೂರು ಎಣಿಸುವ ಮೊದಲು

೧೧, ಮಂಗಳವಾರ. ಸಂಜೆ ೬

ಎರಡು ಬ್ರೇಕ್, ಒಂದು ಕ್ಲಚ್ ಕೇಬಲ್, ಭಾವನ ಹಳೇ ಪೆಟ್ರೋಲ್ ಟ್ರಕ್‌ಗೆ ಎಂಟು ಸ್ಪಾರ್ಕ್ ಪ್ಲಗ್. ಎರಡು ಸಲ ಸೋಪು ಹಾಕಿದರೂ ಕೈಯಿಂದ ಪೆಟ್ರೋಲ್ ವಾಸನೆ ಹೋಗಿಲ್ಲ.

ಭಾವನಿಗೆ ಯಾವಾಗಲೂ ಕಾಲಿಗೆ ಚಕ್ರ. ದೂರದಿಂದ ಓಡಿಸಿಕೊಂಡು ಬಂದು ಗಾಡಿ ನಿಲ್ಲಿಸಿದ್ದೇ ತಡ, “ಡಾಕ್ಟ್ರಮ್ಮಾ, ನಾಲ್ಕು ಗಂಟೆಗೆ ಹೊರಡ್ಬೇಕು” ಅಂದ. ಗಾಡಿ ರಿಪೇರಿ ಮಾಡುವ ನನಗೆ ಅವನಿಟ್ಟ ಹೆಸರು ಅದು. ತಣ್ಣಗಾಗಲಿ ಅಂದೆ. “ಪೇಷಂಟ್ ತಣ್ಣಗಾಗೋವರೆಗೂ ಕಾಯೋ ಡಾಕ್ಟ್ರನ್ನ ನಿನ್ನೊಬ್ಬಳನ್ನೇ ನೋಡಿದ್ದು.” ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ಸಲ ಅಕ್ಕನೂ ಜೊತೆಗೆ. ಯಾರದೋ ಮನೆ ಸಾಮಾನು ಸಾಗಿಸುವ ಬಾಡಿಗೆ. ಗಾಜಿನ ಪಾತ್ರೆ ಕಟ್ಟೋಕೆ ಗಂಡಸರ ಕೈಯಲ್ಲಾಗಲ್ಲ ಅಂತ ಅವಳೇ ಹೊರಟಳು. ಶುಕ್ರವಾರದವರೆಗೆ ಅಲ್ಲಿ ಪ್ಯಾಕಿಂಗ್. ಶನಿವಾರ ಫುಲ್ ಲೋಡಲ್ಲಿ ಬೆಟ್ಟ ಹತ್ತುವುದು. ಅವರ ಆರು ವರ್ಷದ ಮಗಳು ಚಿನ್ನಿ ಅಲ್ಲಿಯವರೆಗೆ ನನ್ನ ಜೊತೆ.

ಗ್ಯಾರೇಜಿನ ಮೇಸ್ತ್ರಿಯದು ಒಂದು ಕಟ್ಟುನಿಟ್ಟಿನ ನಿಯಮ. ಪ್ಲಗ್ ಬಿಚ್ಚುವ ಮೊದಲು ಬ್ಯಾಟರಿ ವೈರ್ ತೆಗಿ, ಗಾಳಿ ಹೊಡೆದು ಧೂಳು ಹಾರಿಸು, ಆಮೇಲೆ ಎಂಜಿನ್ ಹೆಡ್ ಮೇಲೆ ಬರಿಗೈ ಇಟ್ಟು ನೂರು ಎಣಿಸು. ನೂರರವರೆಗೆ ಕೈ ತಡೆದರೆ ಸ್ಪ್ಯಾನರ್ ಮುಟ್ಟು. ಹೆಡ್ ಅಲ್ಯೂಮಿನಿಯಂ. ಬಿಸಿ ಇದ್ದಾಗ ಬಿಚ್ಚಿದರೆ ಒಳಗಿನ ಥ್ರೆಡ್, ಅಂದರೆ ಪ್ಲಗ್ ಕಚ್ಚಿ ಹಿಡಿಯುವ ತಿರುಪು, ಕಿತ್ತುಕೊಂಡು ಬರುತ್ತೆ.

ಒಳಗಿನಿಂದ ಕೂಗಿ ಕೇಳಿದರು: “ನೂರಾಯ್ತೇನಮ್ಮಾ?”

“ಆಯ್ತು ಮೇಸ್ತ್ರಿ.”

ಎಣಿಕೆ ಹನ್ನೆರಡಾಗಿತ್ತು.

ನಾಲ್ಕಕ್ಕೆ ಹೋದರು. ಅಕ್ಕ ಕಿಟಕಿಯಿಂದ ಕೈ ಬೀಸಿದಳು. ಸುಸ್ತು, ಮಲಗಬೇಕು.

೧೨, ಬುಧವಾರ. ಬೆಳಿಗ್ಗೆ

ನಿನ್ನೆ ಪೂರ್ತಿ ಬರೆಯಲಿಲ್ಲ. ಈ ಪುಸ್ತಕಕ್ಕೂ ಸುಳ್ಳು ಹೇಳುವಷ್ಟು ಕೆಟ್ಟಿದ್ದೇನೆ.

ಆರನೇ ಪ್ಲಗ್. ಬಿಗಿಯಾಗಿ ಬಂತು — ಕಿರ್ರ್ ಅಂತ. ಬಂದಾಗ ಅದರ ಮೈಗೆ ಬೆಳ್ಳಗೆ ಏನೋ ಸುತ್ತಿಕೊಂಡಿತ್ತು. ಅಲ್ಯೂಮಿನಿಯಂ ಎಳೆ. ಥ್ರೆಡ್ಡೇ. ಹೊಸದು ಕೂರಿಸಿದೆ. ಬೇರೆ ಏಳು ಪ್ಲಗ್‌ಗೂ ಬಿಗಿ ಸಾಕಾದಾಗ ಟಾರ್ಕ್ ಸ್ಪ್ಯಾನರ್ ಟಕ್ ಅಂತು. ಇದಕ್ಕೆ ಅನ್ನಲಿಲ್ಲ. ಇನ್ನೂ ತಿರುಗಿಸಿದರೆ ಇರೋದೂ ಹೋಗುತ್ತೆ ಅಂತ ಬಿಟ್ಟೆ. ಹಿಡಿದಿದೆ ಅನಿಸಿತು. ಅನಿಸಿತು ಅಷ್ಟೇ.

ಬಯಲು ರಸ್ತೆ, ಖಾಲಿ ಗಾಡಿ — ತಡೆಯುತ್ತೆ. ಲೋಡ್ ಹಾಕಿ ಬೆಟ್ಟ ಹತ್ತುವಾಗ ಎಂಜಿನ್ ದಮ್ಮು ಕಟ್ಟುತ್ತಲ್ಲ, ಆಗ ಪ್ಲಗ್ ಗುಂಡಿನ ಹಾಗೆ ಹಾರಬಹುದು. ಆ ತೂತಿನಿಂದ ಪೆಟ್ರೋಲ್ ಆವಿ, ಬಿಸಿ ಎಂಜಿನ್, ಬೆಂಕಿ. ಬೆಂಕಿ ಹತ್ತದಿದ್ದರೂ ಏರಿನಲ್ಲಿ ಎಂಜಿನ್ ನಿಂತರೆ ಬ್ರೇಕ್ ಪೆಡಲ್ ಕಲ್ಲಾಗುತ್ತೆ. ಹಿಂದೆ ಪ್ರಪಾತ.

ಕ್ಯಾಬಿನ್ನಲ್ಲಿ ಅಕ್ಕ.

ಬಿಚ್ಚಿದ ಪ್ಲಗ್‌ಗಳನ್ನು ಮೊಟ್ಟೆ ಟ್ರೇಯಲ್ಲಿ ನಂಬರ್ ಪ್ರಕಾರ ಇಡಬೇಕು. ಶನಿವಾರ ಮೇಸ್ತ್ರಿ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡುತ್ತಾರೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಆರನೇ ಗುಳಿಯಿಂದ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಗುಜರಿ ಡಬ್ಬಿಯಿಂದ ಬೇರೊಂದು ಹಳೇ ಪ್ಲಗ್ ಇಟ್ಟೆ.

ಒಂಬತ್ತು ವರ್ಷದ ಕೆಲಸ. ಹೆಂಗಸಿನ ಕೈಗೆ ಎಂಜಿನ್ ಕೊಡ್ತೀರಾ ಅಂತ ಕೇಳಿದ ಗಿರಾಕಿಗಳನ್ನು ಮೇಸ್ತ್ರಿ ಹಾಗೇ ವಾಪಸ್ ಕಳಿಸಿದ್ದಾರೆ. ಹೋದ ತಿಂಗಳು ಟೂಲ್ ಬೀರುವಿನ ಕೀ ನನ್ನ ಕೈಗೆ ಕೊಟ್ಟರು. ಸೊಂಟಕ್ಕೆ ಸಿಕ್ಕಿಸಿಕೊಂಡು ಮೆರೆಯುತ್ತಿದ್ದೆ. ಹೇಗೆ ಹೇಳಲಿ?

ಹೆದರಿಕೆಯಾಗಿದೆ. ಯಾವುದಕ್ಕೆ ಹೆಚ್ಚು ಹೆದರಿಕೆ ಅಂತ ಕೇಳಿಕೊಳ್ಳೋಕೂ ಹೆದರಿಕೆ.

೧೪, ಶುಕ್ರವಾರ. ರಾತ್ರಿ ೮

ನಿನ್ನೆ ಬರೆಯೋಕೆ ಕೂತೆ. ಆಗಲಿಲ್ಲ.

ಇವತ್ತು ಮಧ್ಯಾಹ್ನ ಭಾವನ ಫೋನ್. “ಡಾಕ್ಟ್ರಮ್ಮಾ, ಎಂಜಿನ್‌ನಲ್ಲಿ ಟಿಕ್ ಟಿಕ್ ಅಂತ ಸಣ್ಣ ಸದ್ದು. ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿ. ನಾಳೆ ಬೆಟ್ಟ ಇದೆ. ಏನಾದ್ರೂ ತೊಂದ್ರೆನಾ?”

ಹೇಳಿಬಿಡಬಹುದಿತ್ತು. ಅವನೇ ಬಾಗಿಲು ತೆರೆದು ಕೊಟ್ಟಿದ್ದ. ಮೇಸ್ತ್ರಿ ನಾಲ್ಕೇ ಅಡಿ ದೂರದಲ್ಲಿ ಟೈರ್ ಮೇಲೆ ಕೂತು ಟೀ ಕುಡಿಯುತ್ತಿದ್ದರು.

“ಏನಿಲ್ಲ ಭಾವ. ಹೊಸ ಪ್ಲಗ್ ಅಲ್ವಾ. ಎರಡು ದಿನ ಹಾಗೇ.”

“ನೀನು ಹೇಳಿದ್ಮೇಲೆ ಮುಗೀತು ಬಿಡು” ಅಂದ.

ಅದು ಪ್ಲಗ್ ಪಕ್ಕದಿಂದ ಗಾಳಿ ಸೋರುವ ಸದ್ದು. ನನಗೆ ಗೊತ್ತು.

ಸಂಜೆ ಚಿನ್ನಿ ಜೊತೆ ಕಣ್ಣಾಮುಚ್ಚಾಲೆ. ಗೋಡೆಗೆ ಮುಖ ಮಾಡಿ ನಾನು ಎಣಿಸಬೇಕು. ಇಪ್ಪತ್ತು ಅಂತ ಮಾತಾಗಿತ್ತು. ತಿರುಗಿದರೆ ಮಗು ಇನ್ನೂ ನಡುಮನೆಯಲ್ಲೇ ನಿಂತಿದೆ, ಕಣ್ಣಲ್ಲಿ ನೀರು. “ನೀನು ಪೂರ್ತಿ ಎಣಿಸ್ಲೇ ಇಲ್ಲ ಚಿಕ್ಕಮ್ಮಾ. ನಾನು ಬಚ್ಚಿಟ್ಕೊಳ್ಳೋಕಾದ್ರೂ ಬಿಡ್ಬೇಕಲ್ವಾ?”

ಆಟ ಅಲ್ಲಿಗೇ ನಿಂತಿತು. ಅಕ್ಕನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಭಾವನಿಗೆ ಮಾಡಿದೆ. ಅದೂ.

೧೫, ಶನಿವಾರ. ಬೆಳಿಗ್ಗೆ ೫:೪೦

ಕಣ್ಣು ಮುಚ್ಚಿಲ್ಲ. ಬೆಳಕು ಹರಿಯುವ ಮೊದಲೇ ಚಿನ್ನಿಯನ್ನು ಎತ್ತಿಕೊಂಡು ಮೇಸ್ತ್ರಿ ಮನೆಗೆ ಹೋದೆ. ಹಲ್ಲುಜ್ಜುತ್ತಿದ್ದರು. ಜೇಬಿನಿಂದ ಪ್ಲಗ್ ತೆಗೆದು ಅವರ ಕೈಗಿಟ್ಟೆ.

ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬಾಯಿ ಮುಕ್ಕಳಿಸಿ ಉಗಿದರು.

“ಎಷ್ಟಕ್ಕೆ ಕೈ ತೆಗೆದೆ?”

“ಹನ್ನೆರಡು.”

“ಯಾರ ಗಾಡಿ?”

“ಭಾವಂದು. ಇವತ್ತು ಬೆಟ್ಟ ಹತ್ತುತ್ತೆ. ಅಕ್ಕ ಇದ್ದಾಳೆ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಹಳೇ ಡೈರಿ ತಂದರು. ಬೆಟ್ಟದ ಬುಡದಲ್ಲಿ ಕೊನೇ ಪೆಟ್ರೋಲ್ ಬಂಕ್ ಇದೆ. ಅಲ್ಲಿನ ಮುದುಕ ಇವರ ಸ್ನೇಹಿತ. ಫೋನ್ ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಇಲ್ಲ.

“ನಾನು ಮಾಡ್ತಾನೇ ಇರ್ತೀನಿ. ಮಗು ಇಲ್ಲೇ ಇರ್ಲಿ. ನೀನು ಆರು ಗಂಟೆ ಬಸ್ ಹಿಡಿ. ಬುಶ್ ಡಬ್ಬಿ ತಗೊಂಡು ಹೋಗು. ತೂತಿಗೆ ಹೊಸ ಥ್ರೆಡ್ ಕೊರೆದು ಬುಶ್ ಬಳೇನ ನೀನೇ ಕೂರಿಸ್ಬೇಕು. ನಾನು ಬರಲ್ಲ.”

ಪಕ್ಕದಲ್ಲೇ ಗ್ಯಾರೇಜು; ಬೀರು ತೆಗೆದು ಡಬ್ಬಿ ಎತ್ತಿಕೊಂಡು ಬಂದೆ. ಕೀ ಅವರ ಮುಂದಿಟ್ಟೆ. ತೆಗೆದುಕೊಂಡರು. ಇರಲಿ ಇಟ್ಕೋ ಅನ್ನಲಿಲ್ಲ.

೭:೧೦, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಸುಮ್ಮನೆ ಕೂತರೆ ತಲೆ ಕೆಡುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಭಾವನ ಫೋನ್ ಈಗ ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಗಾಡಿ ಓಡಿಸುವಾಗ ಅವನು ಎತ್ತುವುದಿಲ್ಲ. ಅಂದರೆ ಹೊರಟಿದ್ದಾನೆ. ಅಕ್ಕನದು ಆಫ್.

ಮೇಸ್ತ್ರಿಗೆ ಮಾಡಿದೆ. “ಮುದುಕ ಇನ್ನೂ ಎತ್ತಿಲ್ಲ.” ಇಟ್ಟರು.

ಪಕ್ಕದ ಹೆಂಗಸು ಯಾಕಮ್ಮ ನಡುಗ್ತಿದ್ದೀಯ ಅಂತ ಕೇಳಿದಳು. ಚಳಿ ಅಂದೆ. ಮತ್ತೊಂದು ಸುಳ್ಳು.

ಚಿನ್ನಿಗೆ ಏನು ಹೇಳಲಿ… ಬೇಡ. ಅದನ್ನು ಯೋಚಿಸಬಾರದು.

೭:೩೫

ಬೆಟ್ಟ ಕಾಣಿಸುತ್ತಿದೆ. ಎಲ್ಲಾದರೂ ಹೊಗೆ ಇದೆಯಾ ಅಂತ ನೋಡುತ್ತಿದ್ದೇನೆ. ಒಂದು ಕಡೆ ಬೆಳ್ಳಗೆ ಏನೋ ಮೇಲೇಳುತ್ತಿತ್ತು. ಮಂಜು. ಮಂಜೇ ಇರಬೇಕು.

೮:೩೦, ಬಂಕ್

ಗಾಡಿ ಇಲ್ಲಿದೆ.

ನೀಲಿ ಟಾರ್ಪಾಲು ಕಂಡಾಗ ಬಸ್ಸಿನಲ್ಲೇ ಅತ್ತುಬಿಟ್ಟೆ. ಕಡೆಗೂ ಮುದುಕ ಫೋನ್ ಎತ್ತಿದನಂತೆ. ಟವೆಲ್ ಬೀಸುತ್ತಾ ರಸ್ತೆ ಮಧ್ಯಕ್ಕೇ ಬಂದು ನಿಂತನಂತೆ. ಬಸ್ ಬರುವುದಕ್ಕೆ ಹತ್ತು ನಿಮಿಷ ಮುಂಚೆ. ಹುಚ್ಚು ಮುದುಕ ಅಂತ ಭಾವ ಬೈದಿದ್ದನಂತೆ.

ಭಾವ ನನ್ನನ್ನು ಕಂಡು ಮೊದಲು ನಕ್ಕ. ಡಬ್ಬಿ ಕಂಡ ಮೇಲೆ ನಗು ನಿಂತಿತು.

“ನಿನ್ನೆ ಫೋನಲ್ಲಿ ಕೇಳಿದ್ನಲ್ಲ. ಆಗ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು ಭಾವ.”

ಡಾಕ್ಟ್ರಮ್ಮ ಅನ್ನಲಿಲ್ಲ ಆಮೇಲೆ. ಬಾನೆಟ್ ಎತ್ತಿ ಆ ಕಡೆ ಹೋದ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ನನಗೆ ಬೆನ್ನು ಹಾಕಿ ನೀರಿನ ತೊಟ್ಟಿ ಕಟ್ಟೆ ಮೇಲೆ ಕೂತಿದ್ದಾಳೆ.

ಆರನೇ ಪ್ಲಗ್ ಸುತ್ತ ಕರ್ರಗೆ ಮಸಿ. ಸೋರಿದೆ. ಬೆಟ್ಟ ಇಲ್ಲಿಂದ ಎರಡೇ ಫರ್ಲಾಂಗು.

ಕೈಯಿಟ್ಟೆ. ಮೂರಕ್ಕೇ ಸುಟ್ಟಿತು. ಕಾಯಬೇಕು.

೧೦:೦೫

ಒಂಬತ್ತರವರೆಗೆ ಕೈ ತಡೆಯಿತು.

೧೦:೪೦

ಭಾವ ಬಂದು ಹೇಳಿದ: “ಕೆಲಸ ಮುಗಿದ್ಮೇಲೆ ನೀನೂ ಗಾಡಿ ಹತ್ತು. ಬೆಟ್ಟ ದಾಟೋವರೆಗೂ ನಮ್ಮಿಬ್ಬರ ಮಧ್ಯೆ ಕೂತ್ಕೋ.” ಆಗಲಿ ಅಂದೆ. ಹತ್ತಲೇಬೇಕು. ಬುಶ್ ಸರಿಯಾಗಿ ಕೂರದಿದ್ದರೆ? ಲೋಹದ ಪುಡಿ ಸಿಲಿಂಡರ್ ಒಳಗೆ ಬಿದ್ದರೆ? ಥ್ರೆಡ್ ಕೊರೆಯುವ ಟ್ಯಾಪ್‌ಗೆ ಗ್ರೀಸ್ ಮೆತ್ತಿಟ್ಟಿದ್ದೇನೆ, ಪುಡಿ ಅದಕ್ಕೆ ಅಂಟಿಕೊಳ್ಳಬೇಕು. ಎರಡು ಕ್ವಾರ್ಟರ್ ತಿರುವು ಒಳಗೆ, ಒಂದು ಹೊರಗೆ, ಒರೆಸು, ಮತ್ತೆ ಗ್ರೀಸ್. ಬ್ಯಾಟರಿ ವೈರ್ ತೆಗೆದಾಯಿತು. ಎರಡೆರಡು ಸಲ ನೋಡಿದೆ.

ಅಕ್ಕ ಎದ್ದು ಬಂದಳು. ಮುಖ ನೋಡಲಿಲ್ಲ.

“ಎಷ್ಟು ಎಣಿಸ್ಬೇಕು?”

“ನೂರು.”

“ನೀನು ಕೈಯಿಡು. ಎಣಿಸೋದು ನಾನು.”

ಎಡಗೈ ಹೆಡ್ ಮೇಲಿದೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ, ಕೈ ಕಿತ್ತುಕೊಳ್ಳಬಾರದು ಅಂತ. ಬೆಚ್ಚಗಿದೆ, ಸುಡುತ್ತಿಲ್ಲ. ಅಕ್ಕ ನಿಧಾನಕ್ಕೆ ಎಣಿಸುತ್ತಾಳೆ, ಚಿನ್ನಿಗೆ ಕಲಿಸುವಾಗಿನ ದನಿಯಲ್ಲಿ. ಒಂದೂ ಬಿಡುವುದಿಲ್ಲ ಅವಳು.

ಹತ್ತು.

ಹನ್ನೊಂದು.

ಹನ್ನೆರಡು.

ಹದಿಮೂರು. ಕೈ ಅಲ್ಲೇ ಇದೆ.