ನಬಿಲಾಲನ ಕಟ್ಟೆಯ ಮುಂದೆ ಸೈಕಲ್ ಇಳಿದು

ಸಿಂದಗಿಯಲ್ಲಿರುವ ಮಗಳು ಸುನೀತಾಳಿಗೆ,

ಇಂಡಿಯಿಂದ ನಿಮ್ಮಪ್ಪ ಅಮೋಘಸಿದ್ಧ ಬರೆಯುವುದು. ಲಕೋಟೆ ಹರಿದಾಗ ಒಂದು ಕೀಲಿ ಬಿದ್ದಿರುತ್ತದೆ, ಎತ್ತಿಟ್ಟುಕೋ. ಅದರ ಮಾತು ಕೊನೆಗೆ. ಅಕ್ಷರ ನೋಡಿ ನಗಬೇಡ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ಇಷ್ಟು ಬರೆದದ್ದೇ ಹೆಚ್ಚು. ಫೋನಿನಲ್ಲಿ ನೀನು ಅರ್ಧ ಮಾತಿಗೆ ಅಳುತ್ತೀ, ನಾನು ಅರ್ಧ ಮಾತಿಗೆ ಸಿಟ್ಟಿಗೆದ್ದು ಇಟ್ಟುಬಿಡುತ್ತೇನೆ. ನಿನ್ನೆ ಎರಡು ಸಲ ಹಾಗೇ ಆಯಿತು. ಅದಕ್ಕೆ ಸಿಂದಗಿ ಬಸ್ಸಿನ ಕಂಡಕ್ಟರ್ ಶ್ರೀಶೈಲನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಸಂಜೆಯೊಳಗೆ ನಿನ್ನ ಕೈ ಸೇರಬೇಕು. ಪೂರ್ತಿ ಓದು, ಆಮೇಲೆ ಬೇಕಾದರೆ ಬೈ.

ಭಾನುವಾರ ಅಳಿಯ ಯಲ್ಲಾಲಿಂಗ ಗಾಡಿ ತರುತ್ತಾರೆ, ನನ್ನನ್ನು ವಿಜಯಪುರದ ದವಾಖಾನೆಗೆ ಒಯ್ಯುತ್ತಾರೆ, ಸೈಕಲ್ ಮಾರಿಬಿಡುವುದು ಎಂದು ನಿನ್ನೆ ನೀನು ಅಂದೆ. ಆ ಸೈಕಲ್ಲಿಗೆ ನೀನೇ ಕಟ್ಟಿದ ಡಬ್ಬಿ ನಿನಗೆ ಹಾಗೆ ಹೇಳಿತಂತೆ. ಹೋದ ದೀಪಾವಳಿಗೆ ನನ್ನ ಎದೆ ಹಿಡಿದುಕೊಂಡು ದವಾಖಾನೆಯಲ್ಲಿ ಮಲಗಿ ಎದ್ದ ಮೇಲೆ, ಸಾವಕಾಶ ಸೈಕಲ್ ಹೊಡೆದರೆ ಒಳ್ಳೆಯದೇ, ನಾಡಿಯ ಮೇಲೆ ಮಾತ್ರ ಗಮನ ಇರಲಿ ಎಂದು ಡಾಕ್ಟರು ಹೇಳಿದರು. ನೀನು ಅಷ್ಟಕ್ಕೇ ಬಿಡಲಿಲ್ಲ. ಹ್ಯಾಂಡಲ್ಲಿಗೆ ಅಂಗೈಯಷ್ಟು ಡಬ್ಬಿ, ಮುಂಗೈಗೆ ಒಂದು ಪಟ್ಟಿ. ಡಬ್ಬಿ ದಾರಿ ಹೇಳುತ್ತದೆ, ಪಟ್ಟಿ ನಾಡಿ ಎಣಿಸುತ್ತದೆ, ಎರಡೂ ಕೂಡಿ ನಿನ್ನ ಫೋನಿಗೆ ಚಾಡಿ ಹೇಳುತ್ತವೆ.

ಇದೇ ಊರಿನ ಓಣಿಗಳಲ್ಲಿ ಹೊಟೇಲು, ಖಾನಾವಳಿಗಳಿಗೆ ಲಿಂಬೆಹಣ್ಣು ಹಾಕುತ್ತ ಮುದುಕನಾದವನಿಗೆ ದಾರಿ ಹೇಳಲಿಕ್ಕೆ ಒಂದು ಡಬ್ಬಿ. ನಿಮ್ಮವ್ವನಿಗೆ ಭಾರಿ ಖುಷಿ. "ಚಲೋ ಆತು. ನನ್ನ ಮಾತಂತೂ ಕೇಳಲಿಲ್ಲ, ಇನ್ನ ಅದರ ಮಾತರ ಕೇಳ್ರಿ" ಅಂದಳು. ಕೇಳುವುದು ಹೇಗೆ? ಸಂತೆಯ ದಿನ ಓಣಿ ತುಂಬ ಕಾಯಿಪಲ್ಲೆ ಹರವಿಕೊಂಡು ಕುಳಿತಿರುತ್ತಾರೆ, ಇದು ಎಡಕ್ಕೆ ತಿರುಗಿ, ಎಡಕ್ಕೆ ತಿರುಗಿ ಅನ್ನುತ್ತದೆ. ಮೆಂತ್ಯಪಲ್ಲೆಯ ಮೇಲೆ ಹಾಯಿಸಲೇನು? ಅದರದು ಹೆಣ್ಣುದನಿ. ಪಲ್ಲೆ ಮಾರುವವಳೊಬ್ಬಳು ಬಗ್ಗಿ ನೋಡಿ, "ಯಣ್ಣಾ, ದನಿ ಕೇಳತೈತಿ, ಆಕಿನ್ನ ಎಲ್ಲಿ ಕುಂದ್ರಿಸಿಕೊಂಡೀ?" ಅಂದಳು. ಓಣಿಗೆ ಓಣಿಯೇ ನಕ್ಕಿತು. ಅವತ್ತೇ ಕಿತ್ತು ಒಗೆಯುವವನಿದ್ದೆ. ಒಗೆಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಪಟ್ಟಿ ಚಿಂವ್ ಅಂದಾಗೆಲ್ಲ ಇಳಿದು ನೆರಳಿಗೆ ಕುಳಿತಿದ್ದೇನೆ. ನನ್ನ ಎದೆ ಅದರಿಂದಲೇ ಹದಕ್ಕೆ ಬಂತು.

ಆದರೆ ಅದಕ್ಕೆ ಒಂದು ತಿಳಿಯುವುದಿಲ್ಲ. ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದರೆ ನಾವು ಸೈಕಲ್ ಮೇಲೆ ಕುಂತು ಅವರ ಮುಂದೆ ಹಾಯುವುದಿಲ್ಲ. ಇಳಿಯುತ್ತೇವೆ, ಕೈಯಲ್ಲಿ ಹಿಡಿದು ನಡೆಯುತ್ತೇವೆ, ದಾಟಿದ ಮೇಲೆ ಹತ್ತುತ್ತೇವೆ. ನಾನು ಇಳಿದರೆ ಡಬ್ಬಿ "ನೀವು ನಿಂತಿದ್ದೀರಿ" ಅನ್ನುತ್ತದೆ. ಹಿಂದೆಯೇ ನಿನ್ನ ಫೋನು: "ಅಪ್ಪಾ, ಯಾಕ ನಿಂತಿ? ಎದಿ ನೋಯಾಕತ್ತೇತೇನ?" ನನ್ನ ವಯಸ್ಸಿಗೆ ಹಿರಿಯರು ಎಷ್ಟು ಮಂದಿ ಉಳಿದಿದ್ದಾರೆ ಹೇಳು. ನಾನು ಇಳಿಯುವ ಕಟ್ಟೆ ಈಗ ಒಂದೇ. ಹಳೇ ಹತ್ತಿ ಗೋದಾಮಿನ ಹಿಂದೆ, ನಿನ್ನ ನಬಿ ಕಾಕಾನ ಕಟ್ಟೆ.

ಆ ಮನುಷ್ಯನಿಗೆ ಕಣ್ಣು ಹೋದದ್ದು ನಿನಗೆ ಗೊತ್ತು. ಸಕ್ಕರೆ ಕಾಯಿಲೆ ತಿಂದುಬಿಟ್ಟಿತು. ಸೈಕಲ್ ಅಂಗಡಿ ಮುಚ್ಚಿ ವರ್ಷಗಳಾದವು. ಆದರೂ ದಿನಾ ಮುಂಜಾನೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಬಂದು ಕೂಡುತ್ತಾನೆ. ನಾನು ಇಳಿದು ಸೈಕಲ್ ನೂಕಿಕೊಂಡು ಬಂದರೆ ಹಿಂದಿನ ಗಾಲಿಯ ಫ್ರೀವೀಲ್ ಕಟಕಟ ಅನ್ನುತ್ತದಲ್ಲ, ಆ ಸಪ್ಪಳಕ್ಕೆ ಮುಖ ಎತ್ತುತ್ತಾನೆ. "ಬಾರೋ ಅಮೋಘ್ಯಾ. ಎಣ್ಣಿ ಬಿಟ್ಟು ಎಷ್ಟ ದಿನಾ ಆತೋ, ನಿನ್ನ ಗಾಲಿ ಅಳಾಕತ್ತೇತಿ" ಅನ್ನುತ್ತಾನೆ. ನನ್ನನ್ನು ಏಕವಚನದಲ್ಲಿ ಬೈಯುವವನು ಈ ಊರಿನಲ್ಲಿ ಅವನೊಬ್ಬನೇ ಉಳಿದಿದ್ದಾನೆ.

ಡಬ್ಬಿ ಕಟ್ಟಿದ ಮೊದಲ ದಿನವೇ ಅವನ ಕಿವಿಗೆ ಬಿತ್ತು. ಹ್ಯಾಂಡಲ್ ತಡವಿ, ಡಬ್ಬಿಯನ್ನು ಎಲ್ಲ ಕಡೆ ಮುಟ್ಟಿ, "ಇದಕ್ಕ ಒಂದ್ ನಟ್ಟಾ ಇಲ್ಲ, ಬೋಲ್ಟಾ ಇಲ್ಲ. ಕೆಟ್ರ ಬಿಚ್ಚೂದ ಹ್ಯಾಂಗ?" ಅಂದ. ಬಿಚ್ಚಲಿಕ್ಕೆ ಬರುವುದಿಲ್ಲ, ಒಗೆಯುವುದೇ ಅಂದೆ. ಅವನಿಗೆ ಅದು ಸೇರಲಿಲ್ಲ. ಆದರೆ ಅದು ದಾರಿ ಹೇಳುವುದನ್ನು ಕೇಳಿದ್ದೇ ಡಬ್ಬಿಗೆ ಕಿವಿ ಹಚ್ಚಿದ. "ಎಲ್ಲಿಗಿ ಬೇಕಾದ್ರೂ ಹೇಳತೈತೇನು? ಆಲಮಟ್ಟಿಗಿ?" ಅಂತ ಕೇಳಿದ.

ಆಲಮಟ್ಟಿ ಯಾಕೆಂದರೆ, ವಯಸ್ಸಿನಲ್ಲಿ ನಾವಿಬ್ಬರೂ ಅವನ ಅಂಗಡಿಯ ಬಾಡಿಗೆ ಸೈಕಲ್ ಹೊಡೆದುಕೊಂಡು ಆಣೆಕಟ್ಟು ನೋಡಲು ಹೋಗಿದ್ದೆವು. ಆಗ ಗೋಡೆ ಅರ್ಧ ಎದ್ದಿತ್ತು. ನೀರು ತುಂಬಿದ ಮೇಲೆ ಮತ್ತೆ ಬರೋಣ ಅಂದಿದ್ದ. ನೀರು ತುಂಬಿತು, ನಾವು ಹೋಗಲಿಲ್ಲ. ಅವನಿಗೆ ಅಂಗಡಿ, ನನಗೆ ಲಿಂಬೆಹಣ್ಣು. ಈಗ ಹೋದರೂ ಕಾಣುವುದಿಲ್ಲವಲ್ಲ ಅಂದರೆ, "ನೀರಿನ ಸಪ್ಪಳಾ ಕೇಳಾಕ ಕಣ್ಣ ಯಾಕ ಬೇಕೋ ಹುಚ್ಚಾ" ಅನ್ನುತ್ತಾನೆ.

ಆ ಡಬ್ಬಿಯಲ್ಲಿ ಊರಿನ ಹೆಸರು ಹೇಳಿ, ಗುಂಡಿ ಒತ್ತುತ್ತ ಹೋದರೆ ಕುಳಿತಲ್ಲೇ ದಾರಿಯನ್ನೆಲ್ಲ ಓದಿ ಹೇಳುತ್ತದೆ. ನೀನೇ ತೋರಿಸಿದ್ದೆ. ಹಾಗೆ ಶುರುವಾಯಿತು. ದಿನಾ ಹ್ಯಾಂಡಲ್ಲಿನಿಂದ ಡಬ್ಬಿ ತೆಗೆದು ಕಟ್ಟೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಸ್ವಲ್ಪ ದಾರಿ. ಅವನು ಎರಡೂ ಕೈ ಮುಂದೆ ಚಾಚಿ ಹ್ಯಾಂಡಲ್ ಹಿಡಿದ ಹಾಗೆ ಕೂಡುತ್ತಾನೆ. ಪಟ್ಟಿ ನನ್ನ ಮುಂಗೈಯಲ್ಲಿತ್ತು, ಅದನ್ನೂ ಬಿಡಲಿಲ್ಲ. "ಸವಾರ ನಾನಂದಮ್ಯಾಲ ಅದನ್ನೂ ನನಗ ಕಟ್ಟು" ಅಂದ. ಕಟ್ಟಿದೆ. ಡಬ್ಬಿ ಬಲಕ್ಕೆ ತಿರುಗಿ ಅಂದರೆ, "ತಡೀ ಬೀಬಿ, ಅಲ್ಲೊಂದು ಬೇವಿನ ಗಿಡ ಐತಿ, ನೀರ ಕುಡುದು ತಿರುಗೂಣು" ಅನ್ನುತ್ತಾನೆ. ಏರು ಬಂತು ಅಂದರೆ ಕಾಲು ತುಳಿಯುತ್ತಾನೆ, ಏದುಸಿರು ಬಿಡುತ್ತಾನೆ. ಸಿಂದಗಿಗೆ ಬಂದಾಗ ನಿನ್ನ ಮನೆಗೆ ಹೋಗಿ ಊಟ ಮಾಡೋಣ ಅಂದ. ಬಸವನ ಬಾಗೇವಾಡಿಯ ದಿನ ಜನ್ನತಬಿ ಭಾಬಿ ಒಳಗಿನಿಂದ ಗಂಡನಿಗೆ ಚಹಾ ತಂದಳು. "ಬಾಗೇವಾಡಿ ಸ್ಟ್ಯಾಂಡಿನ ಚಾ ಬಂತು" ಅಂದ. "ಹೌದ್ರಿ, ಬಾಗೇವಾಡಿಯವರು ಸಕ್ಕರಿ ಹಾಕಿಲ್ಲ, ಸುಮ್ನ ಕುಡೀರಿ" ಅಂದಳು ಆಕೆ. ನಾನು ನಕ್ಕೆ. ಮುದುಕ ಕುಂತಲ್ಲೇ ಸೈಕಲ್ ಹೊಡೆದು ದಣಿಯುತ್ತಾನಲ್ಲ ಎಂದು ನಕ್ಕೆ, ಸುನೀತಾ. ಪಟ್ಟಿ ಚಿಂವ್ ಚಿಂವ್ ಅಂದರೂ ನಕ್ಕೆ.

ನಿನ್ನೆ ನಾವು ನಿಡಗುಂದಿಗೆ ಬಂದಿದ್ದೆವು. ಇನ್ನೊಂದು ಸ್ವಲ್ಪ ಹೋದರೆ ಆಲಮಟ್ಟಿ. ಆಗ ನಿನ್ನ ಫೋನ್ ಬಂತು. "ಅಪ್ಪಾ, ನೀ ದಿನಾ ನಿಲ್ಲೂ ಜಾಗಾದಾಗ ನಾಡಿ ನಡುನಡುವ ತಪ್ಪಾಕತ್ತೇತಿ. ಡಾಕ್ಟರ್‌ಗೆ ತೋರ್ಸೇನಿ. ಇದನ್ನ ಸುಮ್ನ ಬಿಡಬ್ಯಾಡ್ರಿ, ಲಗೂನ ಕರ್ಕೊಂಡ ಬರ್ರಿ ಅಂದಾರ." ಬೈಯಲಿಕ್ಕೆ ಬಾಯಿ ತೆಗೆದೆ. ನನ್ನ ಎದೆಗೆ ಏನೂ ಆಗಿಲ್ಲ ಅನ್ನುವವನಿದ್ದೆ. ಪಕ್ಕದಲ್ಲಿ ಅವನು ಕೈ ಚಾಚಿಕೊಂಡು ಕುಳಿತಿದ್ದ. ಪಟ್ಟಿ ಅವನ ಕೈಯಲ್ಲಿತ್ತು. ಫೋನ್ ಕಿವಿಯಿಂದ ಇಳಿಸಿದೆ. "ಯಾರದು ಫೋನು?" ಅಂದ. ಸುನೀತಾ ಅಂದೆ. "ನಿಡಗುಂದಿ ದಾಟೇವಂತ ಹೇಳು" ಅಂದ.

ಮನೆಗೆ ಬಂದು ನಾನೇ ಫೋನ್ ಮಾಡಿ ಹೇಳಿದೆ, ಅದು ನನ್ನ ನಾಡಿ ಅಲ್ಲ, ನಬಿಲಾಲನದು ಅಂತ. ನೀನು ಏನಂದೆ? "ಸೈಕಲ್ ಉಳಿಸ್ಕೊಳ್ಳಾಕ ಪಾಪ ನಬಿ ಕಾಕಾನ ಮ್ಯಾಲ ಹಾಕಬ್ಯಾಡ ಅಪ್ಪಾ" ಅಂದೆ. ಫೋನ್ ಒಗೆದೆ. ಒಲೆಯ ಮುಂದೆ ಬಿತ್ತು, ಒಡೆಯಲಿಲ್ಲ. ನಿಮ್ಮವ್ವ ಎತ್ತಿ ಒರೆಸಿಟ್ಟು, "ಆಕಿದೇನು ತಪ್ಪು? ಆ ಸೈಕಲ್ ಸಲುವಾಗಿ ನೀವು ಯಾವಾಗ ಖರೇ ಹೇಳೀರಿ?" ಅಂದಳು.

ಸಾಕ್ಷಿ ಬೇಕಲ್ಲ ನಿನಗೆ. ಇವತ್ತು ಮುಂಜಾನೆ ಅದೇ ಕಟ್ಟೆಯ ಮೇಲೆ ಪಟ್ಟಿಯನ್ನು ಮೊದಲು ನನ್ನ ಕೈಗೇ ಕಟ್ಟಿಕೊಂಡು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಕುಳಿತೆ. ಆಮೇಲೆ ಅವನ ಕೈಗೆ ಕಟ್ಟಿದೆ. ಇವತ್ತು ಏರೂ ಇಲ್ಲ, ಸವಾರಿಯೂ ಇಲ್ಲ, ಸುಮ್ಮನೆ ಕೂಡು ಅಂದೆ. ಫೋನ್ ತೆಗೆದು ನೋಡು. ಕಟ್ಟೆ ಒಂದೇ, ಎದೆ ಎರಡು. ಯಾವುದು ಯಾರದು ಎಂಬುದನ್ನು ತಿಳಿಯಲಿಕ್ಕೆ ಡಾಕ್ಟರೇ ಬೇಕಾಗಿಲ್ಲ.

ಅವನು ಒಳಗೆ ಹೋದಾಗ ಭಾಬಿಯನ್ನು ಕೇಳಿದೆ. ರಾತ್ರಿ ಅಡ್ಡಾದರೆ ಉಸಿರು ಹಿಡಿಯುತ್ತದಂತೆ, ಗೋಡೆಗೆ ದಿಂಬು ಇಟ್ಟು ಕುಂತೇ ಮಲಗುತ್ತಾನಂತೆ. ಕಾಲು ಬಾತಿವೆ. "ಯಾರಿಗೂ ಹೇಳಬ್ಯಾಡ ಅಂದಾರ ಅಣ್ಣಾ" ಅಂದಳು. ದವಾಖಾನೆಗೆ ಹೋಗೋಣ ಬಾರೋ ಅಂತ ನಾನು ಕರೆದೆ. ನಕ್ಕುಬಿಟ್ಟ. "ಹಳೀ ಸೈಕಲ್ ಬಿಚ್ಚಬಾರದಪಾ. ಬಿಚ್ಚಿದ್ರ ಮತ್ತ ಜೋಡಸಾಕ ಬರೂದಿಲ್ಲ. ತಿರಗೂತನ ತಿರಗಲಿ." ನಾನು ಕೂಗಾಡಿದೆ. ನನ್ನ ಕೂಗಾಟ ಅವನಿಗೆ ಹೊಸದಲ್ಲ. ಕಟ್ಟೆಯ ಮೇಲೆ ಬೆರಳಿನಿಂದ ತಬಲಾ ಬಾರಿಸುತ್ತ ಕುಳಿತ.

ನಿನಗೆ ಮಾತ್ರ ಅವನು ಇಲ್ಲ ಅನ್ನುವುದಿಲ್ಲ. ನೆನಪು ಮಾಡಿಕೋ. ಸೈಕಲ್ ಸೀಟು ಹಿಡಿದು ಗೋದಾಮಿನ ಬಯಲಿನಲ್ಲಿ ನಿನ್ನ ಹಿಂದೆ ಓಡಿದವನು ಅವನು. ನೀನು ಎಂಟನೇ ಇಯತ್ತೆಯಲ್ಲಿದ್ದಾಗ ಒಂದು ಮುಂಜಾನೆ ಗಾಳಿ ಹಾಕಿಸಲು ಹೋದಿ. ಹ್ಯಾಂಡಲ್ ಅಲಗಾಡುತ್ತದೆ ಅಂತ ಸೈಕಲ್ ಕಸಿದುಕೊಂಡು ಒಳಗೆ ಹಾಕಿ ಬಾಗಿಲು ಎಳೆದ. ಪರೀಕ್ಷೆ ಐತಿ ಕಾಕಾ ಅಂತ ನೀನು ಗೋಳೋ ಅತ್ತೆ. "ಎಷ್ಟ ಬೇಕಾದ್ರೂ ಅಳು. ಇದರ ಮ್ಯಾಲ ನಿನ್ನ ಕಳಸಂಗಿಲ್ಲ" ಅಂದವನು, ಅಂಗಡಿ ಬಿಟ್ಟು, ತನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಸಾಲಿಯ ಬಾಗಿಲಿಗೆ ಬಿಟ್ಟು ಬಂದ. ಈಗ ನೀನು ಅವನಿಗೆ ಅದನ್ನೇ ಮಾಡಬೇಕು. ಕೇಳಬೇಡ, ಬೇಡಬೇಡ. ಕಸಿದುಕೋ. ಎಷ್ಟ ಬೇಕಾದ್ರೂ ಬೈ ಕಾಕಾ, ಬಿಟ್ಟು ಹೋಗಂಗಿಲ್ಲ ಅನ್ನು.

ಆಲಮಟ್ಟಿಗೆ ಕರೆದೊಯ್ಯುತ್ತೇನೆ ಅಂತ ಸುಳ್ಳು ಹೇಳಿ ಗಾಡಿ ಹತ್ತಿಸಬೇಡ. ಕಣ್ಣಿಲ್ಲದಿದ್ದರೂ ಗಾಡಿ ಯಾವ ಕಡೆ ವಾಲಿತು ಎಂಬುದರ ಮೇಲೆ ಯಾವ ರಸ್ತೆ ಅಂತ ಹೇಳುತ್ತಾನೆ. ಖರೇನೇ ಹೇಳು. ಮೊದಲು ದವಾಖಾನೆ, ಡಾಕ್ಟರು ಹೂಂ ಅಂದ ಮೇಲೆ ಆಲಮಟ್ಟಿ. ಡಬ್ಬಿಯನ್ನು ಅವನ ತೊಡೆಯ ಮೇಲೆ ಇಡುತ್ತೇನೆ. ವಿಜಯಪುರದ ತನಕ ಅದರ ಜೊತೆ ಜಗಳವಾಡುತ್ತ ಬರಲಿ.

ಭಾನುವಾರದ ತನಕ ಕಾಯಬೇಡ. ಯಲ್ಲಾಲಿಂಗ ಅವರಿಗೆ ಹೇಳಿ ನಾಳೆಯೇ ಗಾಡಿ ತಾ. ನನಗೂ ಒಂದು ಸೀಟು ಇರಲಿ, ಅವನ ಪಕ್ಕ. ನನ್ನ ಎದೆಯನ್ನೂ ತೋರಿಸುವುದಿದ್ದರೆ ತೋರಿಸು, ತಕರಾರು ಮಾಡುವುದಿಲ್ಲ.

ಆ ಕೀಲಿ ನನ್ನ ಸೈಕಲ್ಲಿನದು. ಮನೆಯ ಮುಂದಿನ ಕಂಬಕ್ಕೆ ಸರಪಳಿ ಹಾಕಿ ಬಿಗಿದಿದ್ದೇನೆ. ಇನ್ನೊಂದು ಕೀಲಿ ಇಲ್ಲ, ನಿಮ್ಮವ್ವನನ್ನು ಕೇಳು. ಸೈಕಲ್ಲಿಗಾಗಿ ಸುಳ್ಳು ಹೇಳುತ್ತಾನೆ ಅಂದೆಯಲ್ಲ, ಇಕೋ, ಸೈಕಲ್ ನಿನ್ನ ಕೈಯಲ್ಲಿದೆ. ಮಾರು, ಇಟ್ಟುಕೋ, ಅದು ನಿನಗೆ ಬಿಟ್ಟದ್ದು. ಈಗಾದರೂ ನಬಿಲಾಲನ ಬಗ್ಗೆ ನಾನು ಹೇಳಿದ್ದನ್ನು ನಂಬು.

ಇವತ್ತು ಮುಂಜಾನೆ ಡಬ್ಬಿ ಕಿಸೆಯಲ್ಲಿಟ್ಟು, ಲಿಂಬೆಹಣ್ಣಿನ ಚೀಲ ಹೆಗಲ ಮೇಲೆ ಹೊತ್ತು ನಡೆದೇ ಬಂದೆ. ಅವನ ಕಟ್ಟೆಯ ಮುಂದೆ ಬಂದಾಗ ಮುಖ ಎತ್ತಲಿಲ್ಲ. ಕಟಕಟ ಇರಲಿಲ್ಲವಲ್ಲ. ಯಾರೋ ಹೋಗುತ್ತಿದ್ದಾರೆ ಅಂದುಕೊಂಡ. ನಾನೇ ಹೋಗಿ ಹೆಗಲು ಮುಟ್ಟಬೇಕಾಯಿತು.

ಮನೆಮಂದಿ ಸುಖವಾಗಿರಿ. ನಿನಗೆ ಎಲ್ಲಿ ಏರು ಬಂದರೂ ಇಳಿದು ನಡೆ ಮಗಳೇ, ನಾಚಬೇಡ. ನಾಳೆ ಮುಂಜಾನೆ ಆ ಕಟ್ಟೆಯ ಮೇಲೆ, ಅವನ ಪಕ್ಕ ನಿನ್ನ ದಾರಿ ಕಾಯುತ್ತ ಕುಳಿತಿರುವ,

ನಿಮ್ಮಪ್ಪ
ಅಮೋಘಸಿದ್ಧ