ಕಟಕ್ ಎನ್ನುವ ಸ್ಕ್ರೂಡ್ರೈವರ್

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ಸಮಸ್ತ ಸ್ವಿಚ್‌ಬೋರ್ಡ್‌ಗಳೇ, ಮೀಟರ್ ಪೆಟ್ಟಿಗೆಗಳೇ, ಕೈಯಳತೆಯನ್ನೇ ನಂಬಿದ ಹಿರಿಯ ಮಿಸ್ತ್ರಿಗಳೇ, ಕೇಳಿರಿ! ಸ್ಕ್ರೂ ಸಡಿಲಾದರೆ ಕಿಡಿ, ಮಿತಿಮೀರಿ ಬಿಗಿದರೆ ಪುಡಿ.

ಅದಕ್ಕೇ ಟಾರ್ಕ್ ಸ್ಕ್ರೂಡ್ರೈವರ್ ತಂದಿದ್ದೇನೆ. ಎಷ್ಟು ಬಿಗಿಯಬೇಕೆಂದು ಹಿಡಿಯಲ್ಲಿ ಅಂಕಿ ಇಟ್ಟರೆ, ಅಷ್ಟಾದೊಡನೆ ಕಟಕ್ ಎನ್ನುತ್ತದೆ. ಈ ವಾರ ತಂತಿ ಹಿಡಿಯುವ ನಲವತ್ತು ಟರ್ಮಿನಲ್ ಸ್ಕ್ರೂ ಬಿಗಿದೆ, ಒಂದೂ ಬಿಸಿಯಾಗಿಲ್ಲ. ಮನಸ್ಸಿಗೆ ಹಾಯೆನಿಸಿದೆ. “ನನ್ನ ಮಣಿಕಟ್ಟಿಗೇ ಪಾಠ ಹೇಳ್ತೀಯೇನೋ?” ಎಂದು ನೀವು ನಗುತ್ತೀರಿ, ನಗಿ. ಆದರೆ ಸೋಮವಾರ ಅಂಕಿ ಓದಲು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬನ್ನಿ. ಅಕ್ಕನ ಮನೆಯ ಬೋರ್ಡ್ ಸುಟ್ಟಾಗಿನಿಂದ “ನನ್ನ ಕೈ ಸೋತಿತು” ಎಂದು ಮನೆಯಲ್ಲಿ ಕೂತದ್ದು ಸಾಕು.

ಅಪ್ಪ, ಅಂದು ಆ ಬೋರ್ಡ್ ಜೋಡಿಸುತ್ತಿದ್ದ ನೀವು ಊಟಕ್ಕೆ ಎದ್ದಾಗ ಅದರ ಸ್ಕ್ರೂ ಬಿಗಿದವನು ನಾನು. ಬರೀ ಅಂದಾಜಿನಲ್ಲಿ.

ಇಂತಿ,
ನಿಮ್ಮ ಮಗ