ಬಾಗಿಲಿಲ್ಲದ ಕೋಣೆಯ ಲೆಕ್ಕ

ಮನೆಯಿಂದ,
ಜುಲೈ ೨೦, ಭಾನುವಾರ ಬೆಳಿಗ್ಗೆ

ನನ್ನ ಮುದ್ದು ಗುಬ್ಬಿಗೆ,

ಅಪ್ಪನ ಸಾವಿರ ಮುತ್ತುಗಳು. ನಾನು ಚೆನ್ನಾಗಿದ್ದೇನೆ. ನಿನ್ನ ಕಾಲು ಹೇಗಿದೆ? ಪ್ಲಾಸ್ಟರಿನ ಒಳಗೆ ತುರಿಕೆ ತಡೆಯಲಾಗುತ್ತಿಲ್ಲವಂತೆ, ಅಮ್ಮ ಹೇಳಿದಳು. ಸ್ಕೇಲು ತೂರಿಸಿ ಕೆರೆದುಕೊಳ್ಳಬೇಡ ಕಣಮ್ಮ, ಡಾಕ್ಟರು ನಿನ್ನನ್ನು ಬಿಟ್ಟು ನಿನ್ನ ದೊಡ್ಡಮ್ಮನಿಗೆ ಬೈಯುತ್ತಾರೆ. ಕಾಗದ ತಡವಾಯಿತು, ಕೋಪ ಬೇಡ. ಮೂರು ಸಲ ಬರೆದು ಹರಿದೆ. ಫೋನಿನಲ್ಲಾದರೆ ನೀನು ‘ಹೂಂ’, ‘ಉಹೂಂ’ ಬಿಟ್ಟು ಮೂರನೇ ಮಾತಾಡುವುದಿಲ್ಲ. ಅದೂ ಅಲ್ಲದೆ ಇದು ನನ್ನ ಹೋಂವರ್ಕು. ನಗಬೇಡ, ನಿಜವಾಗಿಯೂ ಹೋಂವರ್ಕು.

ಆದದ್ದು ಹೀಗೆ. “ನಾನು ವಾಪಸ್ ಹೋಗೋ ಹೊತ್ತಿಗೆ ಎರಡು ತಿಂಗಳಾಗಿರುತ್ತೆ. ಎಲ್ಲರೂ ಎಲ್ಲಾ ಕಲ್ತುಬಿಟ್ಟಿರ್ತಾರೆ, ನಾನೊಬ್ಬಳೇ ದಡ್ಡಿ. ನಾನಿನ್ನು ಶಾಲೆಗೆ ಹೋಗೋದೇ ಇಲ್ಲ” ಎಂದು ನೀನು ಅತ್ತುಬಿಟ್ಟೆಯಂತೆ. ಅಮ್ಮ ಅದನ್ನು ಹೇಳಿದ ದಿನ ನನಗೆ ಕೆಲಸದಲ್ಲಿ ಕೈಯೇ ಓಡಲಿಲ್ಲ. ಬಿಳಿ ಗೋಡೆಗೆ ಹಳದಿ ಹೊಡೆದು ಮನೆಯವರಿಂದ ಮಂಗಳಾರತಿ ಮಾಡಿಸಿಕೊಂಡೆ. ಮಾರನೆಯ ದಿನ ನಿಮ್ಮ ದೊಡ್ಡ ಮೇಡಂ ಕೋಣೆಗೆ ಹೋಗಿ ನಿಂತೆ. ಈ ಟರ್ಮಿನಲ್ಲಿ ಏಳನೇ ತರಗತಿಗೆ ಏನೇನು ಕಲಿಸುತ್ತೀರಿ ಎಂದು ಒಂದು ಪಟ್ಟಿ ಕೊಟ್ಟರೆ ಅವಳಮ್ಮ ಅಲ್ಲೇ, ಅವಳ ದೊಡ್ಡಮ್ಮನ ಮನೆಯಲ್ಲೇ, ಓದಿಸುತ್ತಾಳೆ ಎಂದೆ. ಎರಡೂ ಬದಿ ಅಚ್ಚಾದ ಒಂದು ಹಾಳೆ ಕೊಟ್ಟರು. ಕ್ಷೇತ್ರಫಲ, ಅನುಪಾತ, ಮೂಳೆಗಳು ಮತ್ತು ಕೀಲುಗಳು, ನಕ್ಷೆ, ಸ್ಥಳೀಯ ಆಡಳಿತ, ಪತ್ರಲೇಖನ... ನಾನು ಓದುತ್ತಾ ನಿಂತವನು ನಿಂತೇ ಇದ್ದೆ.

“ಏನಾದ್ರೂ ಕೇಳ್ಬೇಕಿತ್ತಾ?” ಎಂದರು.

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ಅವಳು ಬರೋವರೆಗೂ ಅವಳ ಜಾಗದಲ್ಲಿ ನಾನೇ ಕೂತ್ಕೊಳ್ಲಾ ಮೇಡಂ? ಎಲ್ಲಾ ಬರ್ಕೊಂಡು ಅವಳಿಗೆ ಕಳಿಸ್ತೀನಿ.”

ಅವರು ಕನ್ನಡಕದ ಮೇಲಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಬೆಂಚು ಚಿಕ್ಕದು. ಆಗುತ್ತಾ?” ಅಷ್ಟೇ ಕೇಳಿದ್ದು. ಎಂಥಾ ಹೆಂಗಸು ಗುಬ್ಬಿ!

ಅಂತೂ ಮೂರು ವಾರದಿಂದ ಮಧ್ಯಾಹ್ನದವರೆಗೆ ನಿನ್ನ ಬೆಂಚು, ಆಮೇಲೆ ನನ್ನ ಏಣಿ. ನನ್ನ ಜೊತೆ ಬಣ್ಣ ಹೊಡೆಯುವ ದಪ್ಪ ಮಾಮ “ಏನಪ್ಪಾ ವಿದ್ಯಾರ್ಥಿ, ಇವತ್ತು ಬೆಂಚಿನ ಮೇಲೆ ನಿಲ್ಲಿಸಿದ್ರಾ?” ಎಂದು ದಿನವೂ ರೇಗಿಸುತ್ತಾನೆ. ನಿನ್ನ ಪಕ್ಕದ ಎರಡು ಜಡೆಯ ಗೆಳತಿ ಇದ್ದಾಳಲ್ಲ, ಅವಳು ನನಗೆ ಪೊಲೀಸು. “ಅಂಕಲ್, ಮಾರ್ಜಿನ್ ಹಾಕ್ದೆ ಬರೀಬಾರ್ದು.” “ಅಂಕಲ್, ಮಂಡಿ ಸ್ವಲ್ಪ ಒಳಗೆ ಎಳ್ಕೊಳ್ಳಿ.” ಮೊದಲ ದಿನ ಮಕ್ಕಳು ನನ್ನನ್ನು ಮಿಕಮಿಕ ನೋಡಿದ್ದು ನಿಜ. ಎರಡನೇ ದಿನದ ಹೊತ್ತಿಗೆ ಯಾರಿಗೂ ನಾನು ಲೆಕ್ಕಕ್ಕೇ ಇಲ್ಲ.

ನಿಮ್ಮ ಗಣಿತದ ಮೇಡಂ ವಿಷಯ ಹೇಳಲೇಬೇಕು. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಕೋಣೆಯ ಉದ್ದ ಐದು ಮೀಟರು, ಅಗಲ ನಾಲ್ಕು, ಎತ್ತರ ಮೂರು. ನಾಲ್ಕು ಗೋಡೆಗಳ ಕ್ಷೇತ್ರಫಲ ಎಷ್ಟು? ಮಕ್ಕಳು ಪೆನ್ಸಿಲು ಕಚ್ಚುತ್ತಾ ಕೂತಿದ್ದರು. ಇದು ನನ್ನ ಹೊಟ್ಟೆಪಾಡು ತಾನೇ, ತಡೆಯಲಾಗದೆ “ಐವತ್ತು!” ಎಂದು ಕೂಗಿಬಿಟ್ಟೆ.

“ಐವತ್ತನಾಲ್ಕು ಬರ್ಬೇಕಲ್ಲ ಸರ್” ಎಂದರು ಮೇಡಂ.

“ಬಾಗಿಲಿಗೆ ಎರಡು, ಕಿಟಕಿಗೆ ಎರಡು ಕಳೆದೆ ಮೇಡಂ.”

“ಲೆಕ್ಕದಲ್ಲಿ ಬಾಗಿಲೇ ಇಲ್ವಲ್ಲ!”

“ಬಾಗಿಲಿಲ್ಲದ ಕೋಣೆ ಒಳಗೆ ಹೋಗೋದು ಹೇಗೆ ಮೇಡಂ?”

ತರಗತಿಯೆಲ್ಲಾ ಬಿದ್ದು ಬಿದ್ದು ನಕ್ಕಿತು. ಬೇರೆಯವರಾಗಿದ್ದರೆ ‘ಸುಮ್ನೆ ಕೂತ್ಕೊಳ್ಳಿ’ ಎನ್ನುತ್ತಿದ್ದರು. ಈ ಮೇಡಂ ತಾವೂ ನಕ್ಕು, ಬೋರ್ಡು ಒರೆಸಿ, ಟೇಪು ತರಿಸಿ, ನಮ್ಮ ತರಗತಿಯ ಗೋಡೆಯನ್ನೇ ಅಳೆಯಿರಿ ಎಂದರು. ಮುಕ್ಕಾಲು ಗಂಟೆ ಗಲಾಟೆಯೋ ಗಲಾಟೆ. ಕಿಟಕಿ ಕಳೆದರು, ಬೋರ್ಡು ಕಳೆಯಬೇಕೋ ಬೇಡವೋ ಎಂದು ಜಗಳವಾಡಿದರು. ಗೋಡೆ ಕಂಡರೆ ಸಾಕು, ಅಳತೆ ಹೇಳುವುದು ನನ್ನ ಕಣ್ಣಿಗೆ ರೂಢಿ. ಆದರೆ ಅದು ಯಾಕೆ ಹಾಗೆ, ಉದ್ದವನ್ನು ಎತ್ತರದಿಂದ ಗುಣಿಸಿದರೆ ಏನು ಸಿಗುತ್ತದೆ ಎಂದು ಮೇಡಂ ಚೌಕ ಚೌಕ ಬರೆದು ತೋರಿಸಿದಾಗ ನನಗೆ ಮೈ ಜುಮ್ಮೆಂದಿತು.

ವಿಜ್ಞಾನದಲ್ಲಿ ಈಗ ಮೂಳೆಯ ಪಾಠ. ನಿನಗೆ ಹೇಳಿಮಾಡಿಸಿದ ಹಾಗಿದೆ. ಮುರಿದ ಮೂಳೆ ತನ್ನನ್ನು ತಾನೇ ಕೂಡಿಸಿಕೊಳ್ಳುತ್ತದಂತೆ. ಮೊದಲು ಮೆತ್ತಗಿನದೊಂದು ಬೆಳೆದು ಬಿರುಕು ತುಂಬುತ್ತದೆ, ಆಮೇಲೆ ಅದು ಗಟ್ಟಿಯಾಗುತ್ತದೆ. ಪ್ಲಾಸ್ಟರು ಅಲುಗಾಡದಂತೆ ಹಿಡಿದುಕೊಂಡಿರುತ್ತದೆ ಅಷ್ಟೇ, ಕೆಲಸವೆಲ್ಲಾ ಒಳಗಿನದೇ. ನೀನು ಮುಖ ಊದಿಸಿಕೊಂಡು ಮಲಗಿರುವಾಗಲೂ ನಿನ್ನ ಕಾಲು ಸುಮ್ಮನೆ ಕೂತಿಲ್ಲ. ಆ ಚಿತ್ರ ಬರೆದು ಇದರೊಳಗೆ ಇಟ್ಟಿದ್ದೇನೆ. ಬಣ್ಣ ಚೆನ್ನಾಗಿ ಹಾಕಿದ್ದೇನೆ ಎಂದು ವಿಜ್ಞಾನದ ಮೇಷ್ಟ್ರು ಎಲ್ಲರಿಗೂ ತೋರಿಸಿದರು. ಹೆಮ್ಮೆಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಹೇಳಲು ನಾಚಿಕೆಯೇನು?

ಸಮಾಜದ ಪಾಠದಲ್ಲಿ ಮಾತ್ರ ಸಿಕ್ಕಿಬಿದ್ದೆ. ಬೀದಿ ದೀಪ ಕೆಟ್ಟರೆ ಯಾರು ಸರಿ ಮಾಡಬೇಕು ಎಂದು ಕೇಳಿದರು. “ಅವರೇ ಮಾಡ್ಬೇಕು” ಎಂದೆ. “ಅವರು ಅಂದ್ರೆ ಯಾರು ಅಂಕಲ್?” ಎಂದಳು ಎರಡು ಜಡೆಯವಳು. ಇಷ್ಟು ವರ್ಷ ಬೈದುಕೊಂಡು ಓಡಾಡಿದೆ, ಯಾರಿಗೆ ಬೈಯುತ್ತಿದ್ದೇನೆ ಎಂದೇ ಗೊತ್ತಿರಲಿಲ್ಲ. ಈಗ ಮಕ್ಕಳೆಲ್ಲಾ ಸೇರಿ ಯಾವ ಕಚೇರಿ, ಯಾವ ಅಧಿಕಾರಿ ಎಂದು ಪತ್ತೆ ಮಾಡಿ ಅರ್ಜಿ ಬರೆದಿದ್ದಾರೆ. ಹನ್ನೆರಡು ವರ್ಷದ ಪಿಳ್ಳೆಗಳು! ಅವರು ಬೆಳೆದು ನಿಂತರೆ ಅಧಿಕಾರಿಗಳ ಗತಿ ಏನೋ.

ಎಲ್ಲಾ ಪಾಠದ್ದೂ ನೋಟ್ಸು ಇದರ ಜೊತೆಗಿದೆ. ಅಕ್ಷರ ಕಾಗೆ ಕಾಲು, ಬೈಯಬೇಡ. ದೊಡ್ಡ ಮೇಡಂ ಇನ್ನೊಂದು ಮಾತು ಹೇಳಿದರು: ಟರ್ಮಿನ ಪರೀಕ್ಷೆಯ ಹೊತ್ತಿಗೆ ನೀನು ಬಂದರೆ ಸಾಕು, ಬಿಟ್ಟುಹೋದ ಪಾಠಗಳನ್ನು ಅವರೇ ಕೂರಿಸಿಕೊಂಡು ಹೇಳಿಕೊಡುತ್ತಾರೆ, ನೀನು ನಿನ್ನ ಗೆಳತಿಯರ ಜೊತೆಯಲ್ಲೇ ಇರುತ್ತೀಯ. ಬಲವಂತವಿಲ್ಲ ಮಗಳೇ. ಆದರೆ ‘ಹೋಗಲ್ಲ’ ಎನ್ನುವ ಮುಂಚೆ ಒಂದು ಸಲ ಈ ನೋಟ್ಸು ತೆರೆದು ನೋಡು.

ಅಮ್ಮನಿಗೆ ಕೆಲಸ ಕೊಟ್ಟು ಸತಾಯಿಸಬೇಡ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಾಲು ಬೇಗ ಗಟ್ಟಿಯಾಗಲಿ, ಮನಸ್ಸು ಅದಕ್ಕಿಂತ ಬೇಗ ಗಟ್ಟಿಯಾಗಲಿ. ನೂರು ಕಾಲ ನಗುನಗುತ್ತಾ ಬಾಳು ನನ್ನ ತಾಯಿ.

ಇಂತು ನಿನ್ನ ಪ್ರೀತಿಯ
ಅಪ್ಪ

ತಾ.ಕ.: ಇವತ್ತು ಸೋಮವಾರ. ಭಾಷೆಯ ಮೇಷ್ಟ್ರಿಗೆ ಕಾಗದ ತೋರಿಸಿದ್ದಾಯಿತು, ಹತ್ತಕ್ಕೆ ಎಂಟು ಕೊಟ್ಟರು. ಇದನ್ನು ಮಾತ್ರ ಅವರಿಗೆ ತೋರಿಸಿಲ್ಲ.

ಹೋದ ವರ್ಷ ಒಂದು ಸಂಜೆ ನೀನು ದಶಮಾಂಶದ ಲೆಕ್ಕ ತಂದು “ಅಪ್ಪಾ, ಹೇಳ್ಕೊಡು” ಎಂದೆ. “ಇಷ್ಟೂ ಬರಲ್ವಾ? ತಲೆ ತಿನ್ಬೇಡ ಹೋಗು” ಎಂದು ನಾನು ಪುಸ್ತಕ ಎಸೆದೆ. ಆಮೇಲೆ ನೀನು ಒಂದು ದಿನವೂ ಪುಸ್ತಕ ಹಿಡಿದು ನನ್ನ ಹತ್ತಿರ ಬರಲಿಲ್ಲ. ಗುಬ್ಬಿ, ಅವತ್ತು ಲೆಕ್ಕ ಬರದೆ ಇದ್ದದ್ದು ನನಗೆ. ಹತ್ತನೇ ತರಗತಿ ಪಾಸು ಮಾಡಿದ್ದೇನೆ ಎಂದು ನಿನಗೆ ಹೇಳಿಕೊಂಡು ಬಂದದ್ದು ಸುಳ್ಳು. ನಾನು ಓದಿದ್ದು ಐದೇ ತರಗತಿ. ಆರನೆಯದು ಶುರುವಾಗುವಾಗ ಜ್ವರ ಬಂದು ತುಂಬಾ ದಿನ ಮಲಗಿದ್ದೆ. ವಾಸಿಯಾಗಿ ಶಾಲೆಗೆ ಹೋದ ದಿನ ತರಗತಿಯ ಹೊರಗೆ ನಿಂತು ಇಣುಕಿದೆ. ಬೋರ್ಡಿನ ಮೇಲೆ ಏನು ಬರೆದಿದ್ದರೋ ಒಂದೂ ತಿಳಿಯಲಿಲ್ಲ. ಎಲ್ಲರೂ ನಗುತ್ತಾರೆ ಎಂದುಕೊಂಡು ಹಾಗೇ ತಿರುಗಿ ಬಂದೆ. ಮನೆಯಲ್ಲಿ ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಯಾರೂ ಬಂದು ಕರೆಯಲೂ ಇಲ್ಲ.

ನಾನು ಒಳಗೆ ಹೋಗಲು ಮೂವತ್ತು ವರ್ಷ ಹಿಡಿಯಿತು ಕಂದಾ. ಯಾರೂ ನಗಲಿಲ್ಲ.